ಮೂರನೇ ತೊಟ್ಟಿಯ ಸೊನ್ನೆ

2025ರ ಮಾರ್ಚ್ 11, ಮಂಗಳವಾರ, ಬೆಳಿಗ್ಗೆ 10 ಗಂಟೆ 42 ನಿಮಿಷ. ಕಾಗದದ ಗಿರಣಿಯ ಪ್ರಯೋಗಾಲಯದಲ್ಲಿ ಕೂತು ನಾನು ಪರದೆಯ ಮೇಲಿನ ಒಂದು ಗೆರೆಯನ್ನು ನೋಡುತ್ತಿದ್ದೆ. ಮೂರನೇ ತೊಟ್ಟಿಯನ್ನು ತೊಳೆಯಲು ಇಳಿದಿದ್ದ ಮನುಷ್ಯನ ಎದೆಯ ಮೇಲಿನ ಅನಿಲಮಾಪಕ ಕಳಿಸುತ್ತಿದ್ದ ಗೆರೆ ಅದು. ಒಂಬತ್ತು ನಿಮಿಷಗಳಿಂದ ಸೊನ್ನೆಯಲ್ಲೇ ಇತ್ತು.

ಆ ಮನುಷ್ಯ ನನ್ನ ಅಕ್ಕನ ಗಂಡ. ಉಳಿದ ದಿನ ಎಚ್ಚರಿಕೆಗಳನ್ನಷ್ಟೇ ಗಮನಿಸುವವಳು ಅದಕ್ಕೇ ಇಂದು ಗೆರೆಯನ್ನೇ ನೋಡುತ್ತ ಕೂತಿದ್ದೆ.

ತೊಟ್ಟಿಯ ತಳದಲ್ಲಿ ತಿಂಗಳುಗಟ್ಟಲೆ ತಿರುಳು ಕೊಳೆಯುತ್ತದೆ. ಕೆದಕಿದರೆ ಕೊಳೆತ ಮೊಟ್ಟೆಯ ನಾತದ ಅನಿಲ ಏಳುತ್ತದೆ. ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಅದು ಹತ್ತು ಭಾಗ ದಾಟಿದರೆ ಹೊರಗೆ ಬರಬೇಕು. ನೂರು ದಾಟಿದರೆ ಮೂಗಿಗೆ ವಾಸನೆಯೇ ತಿಳಿಯದು. ಇದನ್ನೆಲ್ಲ ಕಾಯಲೆಂದು ಹೋದ ವರ್ಷ ಕೃತಕ ಬುದ್ಧಿಮತ್ತೆಯ ವ್ಯವಸ್ಥೆಯೊಂದು ಬಂದಿತ್ತು. ಕ್ಯಾಮೆರಾ, ಮಾಪಕ, ಹಳೆಯ ದಾಖಲೆ ಎಲ್ಲವನ್ನೂ ಕೂಡಿಸಿ ನೋಡಿ, ಕೆಲಸ ಮಾಡಬಹುದೋ ಬೇಡವೋ ಎಂದು ಹೇಳುತ್ತಿತ್ತು. ಹೆಲ್ಮೆಟ್ಟಿನ ಪಟ್ಟಿ ಸಡಿಲವಾದರೂ ಧ್ವನಿವರ್ಧಕದಲ್ಲಿ ಗದರುತ್ತಿದ್ದುದರಿಂದ ಕೆಲಸಗಾರರು ಅದನ್ನು ‘ಅತ್ತೆ’ ಎನ್ನುತ್ತಿದ್ದರು.

ಅತ್ತೆ ಈಗ ಹಸಿರು ತೋರಿಸುತ್ತಿದ್ದಳು. ಅಪಾಯ ಕನಿಷ್ಠ.

ನನಗೆ ಸರಿಬರದಿದ್ದದ್ದು ಆ ಗೆರೆಯ ನೇರ. ಮಾಪಕವನ್ನು ಮೇಜಿನ ಮೇಲೆ ಸುಮ್ಮನೆ ಇಟ್ಟರೂ ಕೊನೆಯ ಅಂಕಿ ಅಷ್ಟಿಷ್ಟು ಅಲುಗಾಡುತ್ತಲೇ ಇರುತ್ತದೆ. ಬಗ್ಗಿ ಏಳುವ ಮನುಷ್ಯನ ಎದೆಯ ಮೇಲೆ ಅದು ಹೀಗೆ ಕಲ್ಲಿನಂತೆ ಕೂತಿರಲಾರದು. ವಾಕಿಟಾಕಿ ಎತ್ತಿಕೊಂಡೆ.

“ಭಾವ, ಮಾಪಕ ಎಲ್ಲಿದೆ?”

“ಎದೆ ಮೇಲೇ ಇದೆ ಕಣಮ್ಮ. ಜೋಪಾನವಾಗಿ ಕವರ್ ಸುತ್ತಿ ಕಟ್ಟಿದೀನಿ.”

“ಎಂಥ ಕವರ್?”

“ಪ್ಲಾಸ್ಟಿಕ್ಕು. ಒದ್ದೆಯಾದ್ರೆ ನಿಮ್ಮತ್ತೆ ಬಾಯಿ ಬಡ್ಕೋತಾಳಲ್ಲ, ಆಮೇಲೆ ನಲವತ್ತು ನಿಮಿಷ ಎಲ್ರೂ ಹೊರಗೆ ಕೂರ್ಬೇಕು. ವರ್ಷದಿಂದ ಎಲ್ರೂ ಹಿಂಗೇ ಕಟ್ಕೊಳ್ಳೋದು. ನಿನಗ್ಯಾರೂ ಹೇಳ್ಲಿಲ್ವಾ?”

ಯಾರೂ ಹೇಳಿರಲಿಲ್ಲ. ಮೊದಮೊದಲು ನೀರು ಸಿಡಿದು ಮಾಪಕ ಕೂಗಿದಾಗಲೆಲ್ಲ ‘ಸುಳ್ಳು ಎಚ್ಚರಿಕೆ’ ಎಂದು ಗುರುತು ಹಾಕಿದವಳು ನಾನೇ. ಆಮೇಲೆ ಎಚ್ಚರಿಕೆಗಳು ಕಡಿಮೆಯಾದವು. ವ್ಯವಸ್ಥೆ ಚೆನ್ನಾಗಿ ಕಲಿಯುತ್ತಿದೆ ಎಂದು ಪ್ರತಿ ತಿಂಗಳ ವರದಿಯಲ್ಲೂ ಬರೆದೆ. ಅದು ಕಲಿತದ್ದು ಪ್ಲಾಸ್ಟಿಕ್ಕಿನೊಳಗಿನ ಗಾಳಿಯನ್ನು. ಅಲುಗದ ಸೊನ್ನೆ ಎಂದರೆ ಕ್ಷೇಮ ಎಂಬುದನ್ನು. ಪಾಠ ಹೇಳಿದ್ದು ನಾನು.

“ಭಾವ, ಈಗ್ಲೇ ಮೇಲೆ ಬನ್ನಿ.”

“ಇನ್ನು ಹತ್ತು ಬುಟ್ಟಿ ಅಷ್ಟೇ. ಮೊದ್ಲು ಸ್ವಲ್ಪ ನಾತ ಇತ್ತು, ಈಗ ಅದೂ ಇಲ್ಲ. ಮನೇಲಿ ನಿಮ್ಮಕ್ಕ, ಇಲ್ಲಿ ನೀನು, ನನ್ನ ಹಣೇಲಿ...” ನಗು ಅರ್ಧಕ್ಕೆ ಕೆಮ್ಮಾಯಿತು.

ಈಗ ಅದೂ ಇಲ್ಲ! ಮೇಜಿನ ಮೇಲಿದ್ದ ಇನ್ನೊಂದು ಮಾಪಕವನ್ನು ಕಸಿದುಕೊಂಡು ಓಡಿದೆ.

ತೊಟ್ಟಿಯ ಬಾಯಿ ಇರುವುದು ಅಟ್ಟಣಿಗೆಯ ಮೇಲೆ, ಇಪ್ಪತ್ತೆರಡು ಮೆಟ್ಟಿಲು ಹತ್ತಬೇಕು. ಅಲ್ಲಿ ಮೇಸ್ತ್ರಿ ಟ್ಯಾಬ್ಲೆಟ್ ಹಿಡಿದು ನಿಂತಿದ್ದರು. ಹೊರಗಿನ ಕಾವಲಿಗಿದ್ದ, ಮೈಕಟ್ಟಿಗಾಗಿ ಎಲ್ಲರೂ ‘ಪೈಲ್ವಾನ’ ಎಂದೇ ಕರೆಯುವ ಹುಡುಗ ರಾಟೆಯ ಪಕ್ಕ ಕೂತಿದ್ದ.

“ಏನ್ ಮೇಡಂ, ಎಲ್ಲಿ ಬೆಂಕಿ ಬಿತ್ತು? ಅತ್ತೆ ಹಸಿರು ಕೊಟ್ಟಿದ್ದಾಳಲ್ಲ,” ಎಂದರು ಮೇಸ್ತ್ರಿ.

“ಎಳೀರಿ. ಅವರನ್ನ ಮೇಲಕ್ಕೆ ಎಳೀರಿ!”

ಪೈಲ್ವಾನ ಬಗ್ಗಿ ಕೂಗಿದ. “ಅಣ್ಣಾ!”

ಕೆಳಗೆ ಸಲಿಕೆಯ ಸದ್ದು ನಿಂತುಹೋಗಿತ್ತು. ಮರುಕ್ಷಣ ಪೈಲ್ವಾನನ ಒಂದು ಕಾಲು ತೊಟ್ಟಿಯೊಳಗಿತ್ತು. ನಾನು ಎರಡೂ ಕೈಯಿಂದ ಅವನ ಬೆಲ್ಟು ಹಿಡಿದು ಜಗ್ಗಿದೆ.

“ಬಿಡಿ ಮೇಡಂ, ಅಣ್ಣ ಬಿದ್ದೋಗಿದ್ದಾನೆ!”

“ನೀನೂ ಬೀಳ್ತೀಯ. ನಿನ್ನಂಥ ಆನೇನ ಎತ್ತೋರ್ಯಾರೋ? ರಾಟೆ ತಿರುಗಿಸು!”

“ಕೆಲಸ ಮುಂದುವರಿಸಬಹುದು,” ಎಂದಿತು ಧ್ವನಿವರ್ಧಕ, ಸಮಾಧಾನದ ದನಿಯಲ್ಲಿ.

ಮೇಸ್ತ್ರಿ ಟ್ಯಾಬ್ಲೆಟ್ ಬಿಸಾಕಿ ಹಿಡಿಕೆಗೆ ಕೈ ಹಾಕಿದರು. ಭಾವನ ಸೊಂಟದ ಹಗ್ಗ ಒಂದೊಂದೇ ಗೇಣು ಮೇಲೆ ಬಂತು. ಆಮೇಲೆ ಬಿಗಿದು ನಿಂತಿತು. ಟಾರ್ಚ್ ಹಾಕಿದರೆ, ಏಣಿಯ ಮೆಟ್ಟಿಲಿಗೆ ಅವರ ಬೂಟು ಸಿಕ್ಕಿತ್ತು.

“ಅರ್ಧ ಸುತ್ತು ಸಡಿಲ ಬಿಡಿ. ಸಾಕು. ಈಗ ಎಳೀರಿ.”

ಕಾಲು ಬಿಡಿಸಿಕೊಂಡಿತು. ಹೆಲ್ಮೆಟ್ ಕಂಡಿತು, ಆಮೇಲೆ ಬೂದಿ ಬಣ್ಣಕ್ಕೆ ತಿರುಗಿದ ಮುಖ. ಗಾಳಿ ಬೀಸುವ ಕಡೆಗೆ ಎಳೆದು ಮಲಗಿಸಿದೆವು. ಉಸಿರಿತ್ತು, ಕೈಗೆ ತಾಗಿಯೂ ತಾಗದಷ್ಟು. ಮೇಸ್ತ್ರಿ ಆಮ್ಲಜನಕದ ಸಿಲಿಂಡರ್ ತಂದರು. ಮುಖವಾಡ ಒತ್ತಿ ಹಿಡಿದು ನಾನು ಗಡಿಯಾರ ನೋಡುತ್ತಿದ್ದೆ. ಪೈಲ್ವಾನ ಅಳುತ್ತಿದ್ದ. ಮೂರನೇ ನಿಮಿಷ ಮುಗಿಯುವಾಗ ಭಾವ ಪಕ್ಕಕ್ಕೆ ಹೊರಳಿ ವಾಂತಿ ಮಾಡಿಕೊಂಡರು. ಕಣ್ಣು ಬಿಟ್ಟು ನನ್ನ ತೋಳು ಹಿಡಿದರು.

“ನಿಮ್ಮಕ್ಕನಿಗೆ ಹೇಳ್ಬೇಡ.”

“ಹೇಳೇ ಹೇಳ್ತೀನಿ. ಸುಮ್ಮನೆ ಉಸಿರಾಡಿ.”

ಅವರನ್ನು ಆಂಬುಲೆನ್ಸಿಗೆ ಹತ್ತಿಸಿ ಬಂದ ಮೇಲೆ ಮೇಸ್ತ್ರಿ ಅಪಘಾತದ ನಮೂನೆ ಹಿಡಿದು ನಿಂತರು. “ಕಾರಣ ಏನಂತ ಬರೀಲಿ ಮೇಡಂ? ಯಂತ್ರದ ತಪ್ಪು ಅಂತ ಬರೆದುಬಿಡ್ಲಾ? ಯಾರಿಗೂ ತೊಂದರೆ ಇರಲ್ಲ.”

“ಬೇಡ. ಎಚ್ಚರಿಕೆ ಸುಳ್ಳು ಅಂತ ಕಲಿಸಿದ್ದು ನಾನು ಅಂತ ಬರೀರಿ. ಪ್ಲಾಸ್ಟಿಕ್ಕಿನ ವಿಷಯಾನೂ ಬರೀರಿ. ಅದರ ಕೆಳಗೆ ಅಳತೆ ಬರೆಯೋಣ.”

ಪ್ರಯೋಗಾಲಯದಿಂದ ತಂದಿದ್ದ, ಯಾವ ಹೊದಿಕೆಯೂ ಇಲ್ಲದ ಮಾಪಕವನ್ನು ದಾರಕ್ಕೆ ಕಟ್ಟಿ ತೊಟ್ಟಿಯ ತಳದವರೆಗೆ ಇಳಿಬಿಟ್ಟೆ. ಅದು ಇಳಿಯುವಾಗಲೇ ಕಿರುಚತೊಡಗಿತು. ಅಂಕಿ ನಿಲ್ಲುವವರೆಗೆ ಕಾದು, ಎಳೆದುಕೊಂಡು, ಗರಿಷ್ಠ ಎಷ್ಟೆಂದು ಓದಿದೆ. ಮೇಸ್ತ್ರಿ ಬರೆದುಕೊಂಡರು: 11 ಗಂಟೆ 26 ನಿಮಿಷ, ಆಳ ನಾಲ್ಕು ಮೀಟರ್, ಹತ್ತು ಲಕ್ಷಕ್ಕೆ 380 ಭಾಗ.