ಬೆನ್ನಿಗೆ ಕಟ್ಟಿದ ಡಬ್ಬಿ

ನೀರಿನೊಳಗೆ ಅಲುಗಾಡದೆ ಇರುವುದಕ್ಕೂ ಒಂದು ಪರೀಕ್ಷೆ ಇದೆ ಎಂದರೆ ನಮ್ಮ ಡೊಂಬಿವಲಿಯ ಚಾಳಿನಲ್ಲಿ ಯಾರೂ ನಂಬುವುದಿಲ್ಲ. ನಂಬಿಸಲು ನಾನು ಹೋಗಲೂ ಇಲ್ಲ. ಎರಡು ಸಲ ನಪಾಸಾದವಳು ಯಾವ ಮುಖ ಹೊತ್ತು ಹೇಳಲಿ?

ಸಮುದ್ರದಡಿ ಇಳಿದು ಹವಳಗಳನ್ನು ಎಣಿಸಿ ಬರೆದುಕೊಂಡು ಬರುವವರಿಗೆ ಸೈಂಟಿಫಿಕ್ ಡೈವರ್ ಕೋರ್ಸ್ ಅಂತ ಒಂದಿದೆ. ಎಂ.ಎಸ್ಸಿ. ಮುಗಿಸಿ ನಾನು ಅದಕ್ಕೆ ಸೇರಿದ್ದೆ. ತರಬೇತಿ ಸೀವುಡ್ಸ್ ಹತ್ತಿರದ ಒಂದು ಈಜುಕೊಳದಲ್ಲಿ. ಪಾಸಾದವರಲ್ಲಿ ನಾಲ್ವರನ್ನು ಮಾಲವಣದ ಕಡಲ ಸಮೀಕ್ಷೆಗೆ ಕರೆದೊಯ್ಯುತ್ತಾರೆ, ಮುಂದಿನ ಕೆಲಸವೂ ಅದರಿಂದಲೇ. ಪರೀಕ್ಷೆ ಕೇಳಲು ಸುಲಭ. ಕೊಳದ ತಳದಲ್ಲೊಂದು ಚೌಕಟ್ಟು, ಅದರೊಳಗೆ ಹವಳದ ಬದಲು ಅಂಗಿಯ ಗುಂಡಿಗಳು. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿ, ಅದರ ನಳಿಗೆ ಬಾಯಲ್ಲಿ ಕಚ್ಚಿ, ಚೌಕಟ್ಟಿನ ಮೇಲೆ ಗೇಣೆತ್ತರದಲ್ಲಿ ಬೋರಲಾಗಿ ತೇಲುತ್ತ, ತಳಕ್ಕೆ ತಾಗದೆ, ಕೈಕಾಲು ಬಡಿಯದೆ, ಐದು ನಿಮಿಷ ಗುಂಡಿ ಎಣಿಸಿ ಪಾಟಿಯ ಮೇಲೆ ಬರೆಯಬೇಕು.

ಏರುವುದು ಇಳಿಯುವುದು ಎಲ್ಲ ಉಸಿರಿನಲ್ಲಿದೆ. ಎಳೆದುಕೊಂಡರೆ ಮೈ ಏಳುತ್ತದೆ, ಬಿಟ್ಟರೆ ಇಳಿಯುತ್ತದೆ. ಹಿಡಿದಿಟ್ಟುಕೊಳ್ಳುವುದು ಮಾತ್ರ ಮಹಾಪಾಪ, ಹಾಗೆಯೇ ಮೇಲೆದ್ದರೆ ಪುಪ್ಪುಸ ಹರಿದೀತು. ಎರಡು ಸಲವೂ ನಾನು ಮಾಡಿದ್ದು ಆ ಪಾಪವನ್ನೇ.

ಅದು ಅಪ್ಪ ಕಲಿಸಿದ್ದು. ಅಪ್ಪ ಜಟ್ಟೆಪ್ಪ ತುರ್ಭೆ ಮಾರ್ಕೆಟ್ಟಿನಲ್ಲಿ ಹಮಾಲ, ಮೂಲ ಇಂಡಿ ತಾಲೂಕು. ಮೇ ರಜೆಯಲ್ಲಿ ಊರಿನ ಬಾವಿಗೆ ಕರೆದೊಯ್ದು, ಬೆನ್ನಿಗೆ ಖಾಲಿ ಎಣ್ಣೆ ಡಬ್ಬಿ ಕಟ್ಟಿ ನನ್ನನ್ನು ನೀರಿಗೆ ಬಿಟ್ಟವನು ಅವನೇ. "ನೀರಾಗ ಉಸರ ಬಿಟ್ಟಿ ಅಂದ್ರ ಸತ್ತಿ" ಎಂಬುದೊಂದೇ ಅವನ ಪಾಠ. ಕಟ್ಟುವ ಮೊದಲು ಡಬ್ಬಿಯನ್ನು ಮೂರು ಸಲ ನೀರಿನಲ್ಲಿ ಅದ್ದಿ, ಕಿವಿಗೆ ಹಿಡಿದು ಅಲುಗಿಸಿ ನೋಡುತ್ತಿದ್ದ. ನಾನು ನಗುತ್ತಿದ್ದೆ.

ಆಮೇಲೆ ಅವ್ವ ಹೇಳಿದಳು. ಅಪ್ಪ ಇನ್ನೂ ಹುಡುಗನಾಗಿದ್ದಾಗಿನ ಮಾತು, ಬಾವಿಯಲ್ಲಿ ಈಜು ಕಲಿಯುತ್ತಿದ್ದ ಅವನ ತಮ್ಮ ಗುರುನಾಥನಿಗೆ ಹನ್ನೊಂದು ವರ್ಷ. ಅವನ ಡಬ್ಬಿಗೆ ಸಾಸಿವೆಯಷ್ಟು ತೂತಿತ್ತು. ನೀರು ತುಂಬಿ ಅವನನ್ನು ಕೆಳಗೆಳೆಯಿತು. ಬೋರಲಾಗಿ, ಅಲುಗದೆ, ಗುಳ್ಳೆ ಬಿಡುತ್ತ ನೀರಿನಡಿ ಇದ್ದವನನ್ನು ಅಪ್ಪ ಮೆಟ್ಟಿಲ ಮೇಲಿಂದ ನೋಡಿದ. ಆಟ ಆಡುತ್ತಿದ್ದಾನೆ, ಎಷ್ಟು ಹೊತ್ತು ಇರುತ್ತಾನೋ ನೋಡೋಣ ಎಂದು ನಗುತ್ತ ಎಣಿಸಿದನಂತೆ. ಜಿಗಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಇದು ಗೊತ್ತಿದ್ದೂ ನಾನು ಮನೆಯಲ್ಲಿ ಸಿಲಿಂಡರಿನ ಮಾತೆತ್ತಲಿಲ್ಲ. ಎತ್ತಿದ್ದರೆ ಕಳಿಸುತ್ತಿರಲಿಲ್ಲ. ಈಜಿನ ಪರೀಕ್ಷೆ ಎಂದಷ್ಟೇ ಹೇಳಿದೆ. ಮೂರನೆಯದೂ ಕೊನೆಯದೂ ಆದ ಅವಕಾಶ ಭಾನುವಾರ ಬಂತು. ಅಪ್ಪನಿಗೆ ಅಂದು ರಜೆ. ಒಂದು ಗಂಟೆಗೆ ಬಾ, ಅಷ್ಟರಲ್ಲಿ ಮುಗಿದಿರುತ್ತದೆ, ಪಾಸಾದ ಕಾಗದ ತೋರಿಸುತ್ತೇನೆ ಎಂದು ಜಂಬ ಕೊಚ್ಚಿಕೊಂಡೆ. ಗೇಟಿನವನಿಗೆ ಅವನ ಹೆಸರನ್ನೂ ಹೇಳಿಟ್ಟೆ. ಅಪ್ಪ ಯಾವತ್ತು ಹೇಳಿದ ಹೊತ್ತಿಗೆ ಬಂದಿದ್ದಾನೆ? ಮಧ್ಯಾಹ್ನ ಊರಿಗೆ ಹೋಗುವ ಗಾಡಿಗೂ ಮುಂಜಾನೆಯೇ ಕಲ್ಯಾಣ ಸ್ಟೇಷನ್ನಿನಲ್ಲಿ ಗಂಟು ಹಾಸಿ ಕೂರುವವನು.

ಅಂದು ನನಗೆ ನೀರು ಒಲಿಯಿತು. ಬಸಿಯಲ್ಲಿನ ಚಹಾ ಆರಿಸುವ ಹಾಗೆ ಉಸಿರು ಬಿಡು ಎಂದು ನಮ್ಮ ಶಿಕ್ಷಕಿ ಪ್ರಾಜಕ್ತಾ ಮೇಡಂ ಹೇಳಿದ್ದಳು. ಹಾಗೆಯೇ ಬಿಟ್ಟೆ. ತಳ ಹತ್ತಿರವಾಯಿತು, ಸ್ವಲ್ಪ ಎಳೆದುಕೊಂಡೆ, ನಿಂತಿತು. ಕೆಂಪು ಗುಂಡಿ ಹದಿನಾಲ್ಕು, ಬಿಳಿ ಒಂಬತ್ತು. ಇಪ್ಪತ್ನಾಲ್ಕು ವರ್ಷಗಳಲ್ಲಿ ಮೊದಲ ಸಲ ನನ್ನ ಮೈ ನನ್ನ ಮಾತು ಕೇಳಿತ್ತು. ನನಗೆ ಎಷ್ಟು ಸಂತೋಷವಾಯಿತೆಂದರೆ ಬಾಯಲ್ಲಿ ನಳಿಗೆ ಇರದಿದ್ದರೆ ಕೂಗಿಬಿಡುತ್ತಿದ್ದೆ.

ಹಸಿರು ಗುಂಡಿ ಎಣಿಸುವಾಗ ಯಾರೋ ನನ್ನ ಕುತ್ತಿಗೆಯ ಹಿಂದಿನ ಪಟ್ಟಿ ಹಿಡಿದೆಳೆದರು. ಬಾಯಿಯ ನಳಿಗೆ ಕಿತ್ತುಹೋಯಿತು. ಉಸಿರನ್ನೆಲ್ಲ ಹೊರಗೆ ಊದುತ್ತ ಮೇಲೆ ಬಂದೆ. ಹಿಡಿದವನು ಅಪ್ಪ, ಧೋತರ ಅಂಗಿ ಸಮೇತ. ನನ್ನನ್ನು ದಂಡೆಗೆ ಹಾಕಿ, ಪಟ್ಟಿ ಬಿಚ್ಚಿ, ಸಿಲಿಂಡರನ್ನು ಎತ್ತಿ ಪಕ್ಕಕ್ಕೆಸೆದ. ಗಡಿಯಾರ ಹಿಡಿದು ನಿಂತಿದ್ದ ಪ್ರಾಜಕ್ತಾಳನ್ನು, ಹುಡುಗಿ ಸಾಯುತ್ತಿದ್ದರೆ ನೋಡುತ್ತ ನಿಂತೆಯಾ ಎಂದು ಮರಾಠಿಯಲ್ಲಿ ಬೈದ.

ಅಪ್ಪನಿಗೆ ತಿಳಿಯದಿರಲಿ ಎಂದು ನಾನು ಮೇಡಂ ಹತ್ತಿರ ಇಂಗ್ಲಿಷಿನಲ್ಲಿ ಬೇಡಿಕೊಂಡೆ. ಇನ್ನೊಂದೇ ಸಲ, ಈಗಲೇ. ಆಕೆ ತಲೆ ತಗ್ಗಿಸಿದಳು. ಹಾಗೆ ಹಿಡಿತವಿಲ್ಲದೆ ಮೇಲೆ ಬಂದವರನ್ನು ಆ ದಿನ ಮತ್ತೆ ನೀರಿಗಿಳಿಸುವಂತಿಲ್ಲ, ಪಾಸಾದವರ ಹೆಸರಿನ ಪಟ್ಟಿ ಸಂಜೆಯೇ ಹೋಗಬೇಕು, ಬೆಳಗಾದರೆ ಮಾಲವಣಕ್ಕೆ ಗಾಡಿ. ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು ನೀನಿದ್ದಷ್ಟು ಚೆನ್ನಾಗಿ ಯಾರೂ ಇರಲಿಲ್ಲ ಎಂದೂ ಹೇಳಿದಳು, ಅದನ್ನು ಹೇಳದಿದ್ದರೇ ಚೆನ್ನಾಗಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಸಿಟ್ಟು ಬೆಂಕಿಯಂತೆ ಬಂತು, ಯಾರ ಮೇಲೆ ಮಾಡಲಿ? ಅಪ್ಪ ಅಲ್ಲೇ ಧೋತರ ಹಿಂಡಿಕೊಳ್ಳುತ್ತ ನಿಂತಿದ್ದ.

ಮನೆಗೆ ಮರಳುವಾಗ ಠಾಣೆ ಊರಿನ ಕಡೆ ಹೋಗುವ ಲೋಕಲ್ ರೈಲಿನಲ್ಲಿ ಹೇಳಿಬಿಡೋಣ ಎಂದು ಶುರು ಮಾಡಿದೆ. ಅದು ತೇಲುವ ಡಬ್ಬಿಯಲ್ಲ ಅಪ್ಪಾ, ಒಳಗಿದ್ದದ್ದು ಗಾಳಿ ಎಂದೆ. ಅಪ್ಪ ಕರುಣೆಯಿಂದ ನನ್ನ ಮುಖ ನೋಡಿದ.

"ಎತ್ತಿದಾಂವ ನಾ. ಹದಿನೈದ ಕಿಲೋಕ್ಕ ಕಮ್ಮಿ ಇಲ್ಲ. ಗಾಳಿ ಅಷ್ಟ ಭಾರ ಇರ್ತದೇನ ಹುಚ್ಚಿ?"

ಮೂವತ್ತು ವರ್ಷ ಮೂಟೆ ಹೊತ್ತ ಹೆಗಲಿಗೆ ತೂಕದ ವಿಷಯದಲ್ಲಿ ಯಾರು ಎದುರು ಹೇಳುತ್ತಾರೆ? ಅವನ ಮೊಬೈಲು ನೀರಲ್ಲಿ ಸತ್ತಿತ್ತು, ನನ್ನದರಿಂದ ಅವ್ವನಿಗೆ ಫೋನು ಹಚ್ಚಿದ.

"ಮರಗಮ್ಮಾ, ಡಬ್ಬಿ ತುಂಬಿತ್ತ. ಹುಡುಗಿ ಉಳದಾಳ. ಈ ಸಲ ನಾ ಎಣಸ್ಕೋತ ನಿಂದರಲಿಲ್ಲ."

ಆಮೇಲೆ ಅವನು ಅತ್ತ. ಅಪ್ಪ ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು. ಎದುರಿನ ಸೀಟಿನವರು ಕಿಟಕಿಯತ್ತ ತಿರುಗಿದರು. ಐರೋಲಿ ದಾಟಿದ ಮೇಲೆ ಅಂಗಿಯ ಒದ್ದೆ ತೋಳಿನಿಂದಲೇ ಮುಖ ಒರೆಸಿಕೊಂಡು ನನ್ನ ಕಡೆ ವಾಲಿದ.

"ನೀ ಹೇಳಿದಂಗ ಒಂದಕ್ಕ ಬಂದಿದ್ರ ಏನ ಆಗತಿತ್ತ, ನಾಗೂ?"

ಏನಾಗುತ್ತಿತ್ತೆಂದು ನನಗೆ ನಿಮಿಷ ಸೆಕೆಂಡು ಸಮೇತ ಗೊತ್ತಿತ್ತು. ಎದೆಯಲ್ಲಿ ಉಸಿರು ಕಟ್ಟಿಕೊಂಡಿತು.

"ಮುಳಗಿ ಹೋಗತಿದ್ದೆ, ಅಪ್ಪಾ" ಎಂದೆ.

ಅಪ್ಪ ಹೌದೆಂದು ತಲೆಯಾಡಿಸಿ, ಠಾಣೆ ಬರುವವರೆಗೂ ನನ್ನ ರಟ್ಟೆ ಹಿಡಿದುಕೊಂಡೇ ಕೂತ.