ಹಾಸಿಗೆ ಅಂಗಡಿಯ ನಡುವಿನ ಸಾಲು

ಹ್ಯಾಮಿಲ್ಟನ್ ಊರಿನ ಹಾಸಿಗೆ ಅಂಗಡಿಯ ಯಜಮಾನ ವೆಂಡೆಲ್‌ಗೆ ಜಾಹೀರಾತು ಮಾಡಿಕೊಡುವುದೆಂದರೆ ಅನಿಮೇಷನ್ ಕೆಲಸದ ಡಾರ್ಲೀನ್‌ಗೆ ತಲೆನೋವು. ಪರದೆಯ ಮೇಲೆ 'ಇಂದೇ ಕೊನೆ' ಎಂಬ ಕೆಂಪು ಅಕ್ಷರಗಳು ಹಸಿರಾಗುತ್ತಾ ಹೋಗಿ 'ನಾಳೆಯೂ ಉಂಟು' ಎಂದು ಬದಲಾಗಬೇಕು. ನಡುವೆ ಇನ್ನೊಂದು ಸಾಲು ಬೇಕಂತೆ. ಅದೇನೆಂದು ಯೋಚಿಸಿ ಹೇಳುತ್ತೇನೆ ಅಂದ ಮಹಾಶಯ ವಾರವಾದರೂ ಬಾಯಿ ಬಿಟ್ಟಿರಲಿಲ್ಲ.

ಗಿರಾಕಿಯ ಮಾತು ಬರುವ ತನಕ ಆ ಜಾಗಕ್ಕೆ ಬಾಯಿಗೆ ಬಂದದ್ದನ್ನು ತುಂಬಿಡುವುದು ಅನಿಮೇಷನ್‌ನವರ ರೂಢಿ. ಡಾರ್ಲೀನ್ ಕೂಡ ತುಂಬಿದಳು: 'ಈ ಗೊರಕೆ ಮುದುಕನಿಗೆ ತಲೆಯಿಲ್ಲ.' ಆಮೇಲೆ ತೆಗೆಯುವುದನ್ನು ಮರೆತಳು.

ತೋರಿಸುವ ದಿನ ವೆಂಡೆಲ್ ಡೋನಟ್ ಮೆಲ್ಲುತ್ತ ಕುಳಿತ. ಬಣ್ಣವೇನೋ ಕೆಂಪಿನಿಂದ ಹಸಿರಿಗೆ ನಿಧಾನವಾಗಿ ಜಾರುತ್ತದೆ. ಮಾತು ಹಾಗಲ್ಲ, ಒಮ್ಮೆಲೇ ಬದಲಾಗುತ್ತದೆ. ಸರಿಯಾಗಿ ನಡುವಿಗೆ ಬಂದಾಗ ಅವನು ಕೂಗಿದ.

"ನಿಲ್ಸು, ನಿಲ್ಸು!"

ಡಾರ್ಲೀನ್ ನಿಲ್ಲಿಸಿದಳು. ಪರದೆ ತುಂಬ ಅವಳದೇ ಬೈಗುಳ.

"ಇದನ್ನ ಯಾರಮ್ಮ ಮಾಡಿದ್ದು?"

"ನಾನೇ ಸರ್... ತಪ್ಪಾಯ್ತು. ಈ ಮಾತನ್ನ ಈಗ್ಲೇ ಅಳಿಸ್ತೀನಿ."

"ಮಾತಿಗೇನಾಗಿದೆ? ನನ್ನ ಹೆಂಡ್ತಿ ದಿನಾ ಹೇಳೋದೇ. ಬಣ್ಣ ನೋಡು, ಬಣ್ಣ!"

ಕೆಂಪೂ ಅಲ್ಲದೆ ಹಸಿರೂ ಅಲ್ಲದೆ ನಡುದಾರಿಯಲ್ಲಿ ರಾಡಿಯಾಗಿ ನಿಂತಿದ್ದ ಅಕ್ಷರಗಳನ್ನು ಅವನು ಕಚ್ಚಿದ ಡೋನಟ್ಟಿನಿಂದಲೇ ತೋರಿಸಿದ.

"ಬೈಯೋದಾದ್ರೆ ಕೆಂಪಲ್ಲಿ ಬೈಯಮ್ಮ. ಈ ಸಗಣಿ ಬಣ್ಣದಲ್ಲಿ ಬೈದ್ರೆ ಯಾರಿಗೆ ನಾಟುತ್ತೆ?"