ಚೆಕ್ಕಿಂಗ್ ಅಂಬಮ್ಮನ ಗೋಲು

ಆಂಧ್ರದ ಗಡಿಯ ನಮ್ಮ ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಹೆಂಗಸರು ಫುಟ್‌ಬಾಲ್ ಲೀಗ್ ಗೆಲ್ಲುತ್ತಾರೆಂದರೆ ಊರೇ ನಗುತ್ತಿತ್ತು. ನಗಲಿ ಬಿಡಿ. ಹೋದ ವರ್ಷ ಎಲ್ಲರಿಗಿಂತ ಕೊನೆಗಿದ್ದ ನಾವು ಈ ಸಲ ಅನಂತಪುರದ ಕಾಲೇಜು ಹುಡುಗಿಯರ ಎದುರು ಕೊನೆಯ ಪಂದ್ಯಕ್ಕೆ ನಿಂತಿದ್ದೆವು. ಗೆದ್ದರೆ ಕಪ್ ನಮ್ಮದು, ಸಮವಾದರೆ ಅವರದು.

ನಾನು ಪಂಪಮ್ಮ, ಲೈನ್ ಸೂಪರ್‌ವೈಸರು, ತಂಡಕ್ಕೂ ನಾನೇ ಯಜಮಾನಿ. ನಮ್ಮ ಗುಟ್ಟು ಇಷ್ಟೇ. ಯೂನಿಟ್ಟಿನಲ್ಲಿ ಪ್ಯಾಂಟು ಜೇಬಿನವಳಿಂದ ಜಿಪ್ಪಿನವಳಿಗೆ, ಅವಳಿಂದ ಬೆಲ್ಟಿನ ರೇಖಾಗೆ, ಕೊನೆಗೆ ಹೊರಳಿಸಿ ತಪ್ಪು ಹುಡುಕುವ ಚೆಕ್ಕಿಂಗಿಗೆ ಹೋಗುತ್ತದೆ. ಮೈದಾನದಲ್ಲೂ ಅದೇ ಸಾಲಿನಲ್ಲಿ ನಿಂತೆವು. ಕಣ್ಣು ಮುಚ್ಚಿದರೂ ಚೆಂಡು ಮುಂದಿನವಳ ಕಾಲಿಗೇ ಹೋಗುತ್ತಿತ್ತು! ಗೋಲು ಹೊಡೆಯುವವಳು ಮಾತ್ರ ರೇಖಾ ಒಬ್ಬಳೇ.

ತೊಡಕೆಂದರೆ ಚೆಕ್ಕಿಂಗ್ ಅಂಬಮ್ಮ. ಗೋಲಿನ ಮುಂದೆ ಚೆಂಡು ಸಿಕ್ಕರೆ ಕಾಲಿಟ್ಟು ನಿಲ್ಲಿಸಿ, ಒಂದು ಸುತ್ತು ಹೊರಳಿಸಿ ನೋಡುವಳು. ಅಷ್ಟರಲ್ಲಿ ಯಾರಾದರೂ ಕಿತ್ತುಕೊಂಡು ಓಡುವರು.

"ಒದಿಯವ್ವಾ, ನೋಡ್ಕೋತ ನಿಂದ್ರಬ್ಯಾಡ" ಎಂದು ಬೈದು ಬೈದು ನನ್ನ ಗಂಟಲು ಕಟ್ಟಿತ್ತು.

"ರೂಢಿ ಆಗ್ಬಿಟ್ಟೈತ್ರಿ" ಎಂದಳು. "ಮುಂದಿನ ವಾರ ಗಂಡನ ಹಿಂದ ಬೆಂಗ್ಳೂರಿಗೆ ಹೊಂಟೀನ್ರಿ. ಹೋಗೋದ್ರೊಳಗ ಒಂದು ಕಪ್ಪಾದ್ರೂ ಗೆಲ್ಲಬೇಕಂತ ಆಸೆ ಐತ್ರಿ."

ಅವಳನ್ನು ಹೊರಗೆ ಕೂರಿಸೆಂದು ಎಲ್ಲರೂ ಹೇಳಿದರು. ನನಗೆ ಮನಸ್ಸು ಬರಲಿಲ್ಲ.

ಆಟ ಮುಗಿಯಲು ಬಂದಾಗ ಗೋಲು ಒಂದಕ್ಕೊಂದು ಸಮ. ಜೇಬು, ಜಿಪ್ಪು ದಾಟಿ ಚೆಂಡು ರೇಖಾಳಿಗೆ ಬಂತು. ಅವಳನ್ನು ಮೂವರು ಮುತ್ತಿಕೊಂಡಿದ್ದರು. ವಿಧಿಯಿಲ್ಲದೆ ಅಂಬಮ್ಮನಿಗೆ ತಳ್ಳಿದಳು. ಈಗಲೇ ಒದೆಯುತ್ತಾಳೆಂದು ಅವರ ಗೋಲ್‌ಕೀಪರ್ ಎಡಕ್ಕೆ ಹಾರಿದಳು.

ಅಂಬಮ್ಮ ಒದೆಯಲಿಲ್ಲ. ನಿಲ್ಲಿಸಿದಳು. ಹೊರಳಿಸಿದಳು. ಬಗ್ಗಿ ನೋಡಿದಳು. ಗೋಲ್‌ಕೀಪರ್ ಇನ್ನೂ ಮಣ್ಣಿನಲ್ಲೇ ಬಿದ್ದಿದ್ದಳು, ಉಳಿದವರು ರೇಖಾಳ ಸುತ್ತಲೇ ಇದ್ದರು.

"ಚಲೋ ಐತಿ" ಎಂದು ಅಂಬಮ್ಮ ಚೆಂಡನ್ನು ಮೆಲ್ಲಗೆ ಒಳಗೆ ಸರಿಸಿದಳು.

ಆಮೇಲೆ ಯಾರು ಯಾರ ಮೇಲೆ ಬಿದ್ದೆವೋ ದೇವರೇ ಬಲ್ಲ. ಬೈದ ಬಾಯಲ್ಲೇ ಅವಳ ಕೆನ್ನೆಗೆ ಮುತ್ತು ಕೊಟ್ಟೆ. ಅನಂತಪುರದಿಂದ ವಾಪಸ್ ಬರುವಾಗ ಬಸ್ಸಿನ ತುಂಬ ಹಾಡು, ಕುಣಿತ, ಕಂಡಕ್ಟರನ ತೆಲುಗು ಬೈಗುಳ. ಅಂಬಮ್ಮ ಮಾತ್ರ ಕಪ್ಪನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಬೆಂಗ್ಳೂರಾಗ ನಮ್ಮಂಥೋರಿಗೆ ಯಾರರ ಆಡಸ್ತಾರೇನ್ರಿ?" ಎಂದು ಕೇಳಿದಳು.

"ನೀನೇ ತಂಡ ಕಟ್ಟವ್ವಾ. ಮುಂದಿನ ವರ್ಷ ನಿಮ್ಮನ್ನ ಸೋಲ್ಸಾಕ ನಾವು ಬರ್ತೀವಿ" ಎಂದೆ.

ಅವಳು ಜೋರಾಗಿ ನಕ್ಕಳು. ನಗಿಸಿದ ನನಗೇ ಅಳು ಬಂತು.